ಪೆನ್ಸಿಲ್ಲಿನಲ್ಲಿ ಬರೆದ ಎರಡು ಪದ

ನದಿಯ ದಂಡೆಯ ಆಶ್ರಮದಲ್ಲಿ ಗುರುಗಳೊಬ್ಬರು ಇದ್ದರು. ಬೆಳಗ್ಗೆ ಹುಡುಗರಿಗೆ ಪಾಠ ಹೇಳುತ್ತಿದ್ದರು, ಸಂಜೆ ಕ್ರಿಕೆಟ್ ಆಡಿಸುತ್ತಿದ್ದರು. ಪ್ರತಿ ಪಂದ್ಯದ ಸ್ಕೋರನ್ನೂ ತಾವೇ ಬರೆದಿಡುತ್ತಿದ್ದರು. ಓಟ ಬಾರದ ಚೆಂಡಿಗೂ ಅವರ ಪುಸ್ತಕದಲ್ಲಿ ಒಂದು ಚುಕ್ಕೆ ಇರುತ್ತಿತ್ತು.

ಒಂದು ದಿನ ಅವರ ಹಳೆಯ ಶಿಷ್ಯ ನಿರಂಜನ ಬಂದ. ಹದಿನೆಂಟು ವರ್ಷಗಳ ಹಿಂದೆ ಅಲ್ಲಿಂದ ಹೊರಟು ರಾಜ್ಯ ತಂಡಕ್ಕೆ ಆಡಿದವನು. ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುತ್ತಿದ್ದ.

"ದೊಡ್ಡ ಆಟಗಾರರು ನಮ್ಮ ಚಾಪೆಯ ಮೇಲೆ ಕೂರುತ್ತಾರೋ ಇಲ್ಲವೋ!" ಎಂದರು ಗುರುಗಳು.

ನಿರಂಜನ ನಗಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿ ಕೂತ.

"ಚೆನ್ನವೀರ ತೀರಿಕೊಂಡನಂತೆ," ಎಂದ. ಇಬ್ಬರೂ ಇಲ್ಲೇ ಜೊತೆಯಲ್ಲಿ ಕಲಿತವರು.

"ಹನ್ನೊಂದು ದಿನವಾಯಿತು. ಮೂರೇ ದಿನದ ಜ್ವರ."

"ನನಗೆ ನಿನ್ನೆ ತಿಳಿಯಿತು. ಗುರುಗಳೇ, ಆ ಪಂದ್ಯದ ಪುಸ್ತಕ ಇದೆಯೇ?"

ಯಾವ ಪಂದ್ಯವೆಂದು ಗುರುಗಳು ಕೇಳಲಿಲ್ಲ. ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದಿಟ್ಟರು.

ನಿರಂಜನ ಅದನ್ನು ಬಿಚ್ಚಲಿಲ್ಲ.

"ಚೆನ್ನವೀರ ಚೆಂಡು ಹೊಡೆದ. ನಾನು 'ಬಾರೋ' ಎಂದು ಕೂಗಿದೆ. ಇಬ್ಬರೂ ನಡುವೆ ಇರುವಾಗಲೇ ಅವನು ಹೊರಟ ತುದಿಯ ವಿಕೆಟ್ ಉರುಳಿತು. ನಾವು ಒಬ್ಬರನ್ನೊಬ್ಬರು ದಾಟಿದ್ದರೆ ನಾನು ಔಟ್, ದಾಟದಿದ್ದರೆ ಅವನು. ಧೂಳಿನಲ್ಲಿ ಅಂಪೈರಿಗೆ ಕಾಣಲಿಲ್ಲ. 'ದಾಟಿದ್ದಿರಾ?' ಎಂದು ನನ್ನನ್ನು ಕೇಳಿದರು."

"ನೀನೇನು ಹೇಳಿದೆ?"

"ಇಲ್ಲ ಎಂದೆ. ದಾಟಿದ್ದೆವು ಗುರುಗಳೇ. ಎರಡು ಹೆಜ್ಜೆ ದಾಟಿದ್ದೆವು. ಆವತ್ತು ರಾಜ್ಯ ತಂಡಕ್ಕೆ ಆರಿಸುವವರು ಬಂದಿದ್ದರಲ್ಲ."

"ಅವನೇನು ಹೇಳಿದ?"

"ನನ್ನ ಮುಖ ನೋಡಿದ. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಹೋಗುವಾಗ, 'ಗೆಲ್ಸೋ. ಇಲ್ದಿದ್ರೆ ಒದೀತೀನಿ' ಎಂದ."

ನಿರಂಜನ ಗೆಲ್ಲಿಸಿದ್ದ. ಆರಿಸುವವರು ಅವನ ಹೆಸರು ಬರೆದುಕೊಂಡು ಹೋಗಿದ್ದರು. ಚೆನ್ನವೀರ ಆಶ್ರಮದಲ್ಲೇ ಉಳಿದು, ಆಟದ ಬಯಲಿಗೆ ನೀರು ಹಾಕಿಕೊಂಡು ಇದ್ದ.

"ನಿಮಗೆ ಗೊತ್ತಿತ್ತೇ?"

"ಸ್ಕೋರ್ ಬರೆಯುವವನು ಪಕ್ಕದಲ್ಲಿ ಕೂರುತ್ತಾನೆ. ಅಲ್ಲಿಂದ ಎಲ್ಲ ಕಾಣುತ್ತದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಅಂಪೈರ್ ಕೇಳಿದ್ದು ನಿನ್ನನ್ನು."

ಗುರುಗಳೇ ಪುಸ್ತಕ ತೆರೆದರು. ಪುಟವೆಲ್ಲ ನೀಲಿ ಶಾಯಿ. ಚೆನ್ನವೀರನ ಹೆಸರಿನ ಮುಂದೆ 'ರನ್ ಔಟ್' ಎಂಬ ಎರಡು ಪದ ಮಾತ್ರ ಪೆನ್ಸಿಲ್ಲಿನವು. ಆಮೇಲೆ ಅವನ ಓಟಗಳು, ನಲವತ್ತೊಂದು, ಅದು ಶಾಯಿಯಲ್ಲಿ.

"ಪಂದ್ಯ ಮುಗಿದ ಮೇಲೆ ಇದರ ಮೇಲೂ ಶಾಯಿ ತಿದ್ದಲು ಹೋದೆ. ಚೆನ್ನವೀರ ಕೈ ಹಿಡಿದ. 'ಇದೊಂದು ಹೀಗೇ ಇರಲಿ ಗುರುಗಳೇ. ಅವನು ಬಂದು ಅಳಿಸ್ತಾನೆ' ಎಂದ. ಮುಂದಿನ ಸಂತೆಯಲ್ಲಿ ಇದನ್ನು ಕೊಂಡು ತಂದ."

ಗುರುಗಳು ಚೀಲವನ್ನು ಕೊಡವಿದರು. ಚಾಪೆಯ ಮೇಲೆ ಒಂದು ರಬ್ಬರ್ ಬಿತ್ತು. ಒಮ್ಮೆಯೂ ಬಳಸಿದ್ದಲ್ಲ. ನಾಲ್ಕು ಮೂಲೆಗಳೂ ಹಾಗೇ ಇದ್ದವು.

"ವರ್ಷಕ್ಕೊಮ್ಮೆ ಪುಸ್ತಕಗಳನ್ನು ಬಿಸಿಲಿಗೆ ಹಾಕುತ್ತಿದ್ದ. ಆಗ ಈ ಪುಟ ತೆಗೆದು ನೋಡಿ, ರಬ್ಬರನ್ನು ಮತ್ತೆ ಚೀಲದಲ್ಲೇ ಇಡುತ್ತಿದ್ದ."

ನಿರಂಜನ ರಬ್ಬರನ್ನು ಕೈಗೆತ್ತಿಕೊಂಡ. ಎಡಗೈಯಲ್ಲಿ ಪುಟ ಒತ್ತಿ ಹಿಡಿದು ಉಜ್ಜಿದ. ರಬ್ಬರ್ ಕಲ್ಲಿನಂತಾಗಿತ್ತು. ಅಕ್ಷರ ಹೋಗಲಿಲ್ಲ, ಕಪ್ಪು ಕಲೆ ಹರಡಿತು. ಇನ್ನೂ ಜೋರಾಗಿ ಉಜ್ಜಿದ. ಕಾಗದ ಹರಿಯಿತು, ರಬ್ಬರ್ ಎರಡು ತುಂಡಾಯಿತು.

"ಹೋಗುತ್ತಿಲ್ಲ ಗುರುಗಳೇ."

ಗುರುಗಳು ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಅವನು ತಂದಾಗ ಬಹಳ ಮೆತ್ತಗಿತ್ತು."