ಅಕ್ಕೋರ ಮಗಳು ಓದಿದ ಶಾಲೆ

"ನನ್ನ ಮಗಳಿಗೆ ಒಳ್ಳೆಯ ಶಾಲೆ ಹುಡುಕುವುದರಲ್ಲಿ ತಪ್ಪೇನಿದೆ, ಗುರುಗಳೇ?" ಎಂದು ಬಸಲಿಂಗ ಕೇಳಿದ.

ಅವನು ಮಠಕ್ಕೆ ಬಹಳ ಕಾಲದಿಂದ ನಡೆದುಕೊಳ್ಳುವ ಗೃಹಸ್ಥ ಶಿಷ್ಯ. ಮಗಳನ್ನು ಊರಿನ ಸರ್ಕಾರಿ ಶಾಲೆಯಿಂದ ಬಿಡಿಸಿ ಪೇಟೆಯ ಖಾಸಗಿ ಶಾಲೆಗೆ ಸೇರಿಸುವ ಮುನ್ನ ಆಶೀರ್ವಾದ ಬೇಡಲು ಬಂದಿದ್ದ. ಗುರುಗಳು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದೇ ಶಾಲೆ ಇತ್ತು. ಗೌಡರ ಮೊಮ್ಮಗನೂ ಅಲ್ಲಿಯೇ ಓದುತ್ತಿದ್ದ, ಕೂಲಿಯವರ ಮಕ್ಕಳೂ ಅಲ್ಲಿಯೇ ಓದುತ್ತಿದ್ದರು. ಅಂಬುಜಾಕ್ಷಿ ಎಂಬ ಶಿಕ್ಷಕಿ ಪಾಠ ಹೇಳುತ್ತಿದ್ದಳು. ಊರಿನವರು ಅವಳನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ಅವಳ ಮಗಳು ಚಂದನಾ ಮತ್ತು ಕೂಲಿಯ ದುರ್ಗವ್ವನ ಮಗಳು ಹುಲಿಗೆಮ್ಮ ಪಕ್ಕಪಕ್ಕದಲ್ಲಿ ಕೂರುವವರು. ಇಬ್ಬರೂ ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದರು. ಮಳೆಗಾಲದಲ್ಲಿ ಶಾಲೆಯ ಹೆಂಚು ಒಡೆದರೆ ಗೌಡರು ಅಂದೇ ಆಳು ಕಳಿಸಿ ಸರಿ ಮಾಡಿಸುತ್ತಿದ್ದರು. ಅದರ ಕೆಳಗೆ ಅವರ ಮೊಮ್ಮಗ ಕೂರುತ್ತಿದ್ದ.

ಆಮೇಲೆ ಪೇಟೆಯಲ್ಲಿ ಒಂದು ಇಂಗ್ಲಿಷ್ ಶಾಲೆ ಆಯಿತು. ಬೆಳಿಗ್ಗೆ ಅದರ ಬಸ್ಸು ಊರಿಗೆ ಬರತೊಡಗಿತು. ಮೊದಲು ಹತ್ತಿದವನು ಗೌಡರ ಮೊಮ್ಮಗ. ಮರುವರ್ಷ ಅನುಕೂಲವಿದ್ದವರೆಲ್ಲ ತಮ್ಮ ಮಕ್ಕಳನ್ನು ಹತ್ತಿಸಿದರು. ಆ ಸಲದ ಮಳೆಗೆ ಶಾಲೆ ಸೋರಿತು. ಅಂಬುಜಾಕ್ಷಿ ಗೌಡರ ಮನೆಗೆ ಹೋಗಿ ಹೇಳಿದಳು. ಗೌಡರು ಅವಳನ್ನು ಕೂರಿಸಿ, ಚಹಾ ಕೊಟ್ಟು, ಮಾಡಿಸೋಣ ಎಂದರು. ಮಳೆಗಾಲ ಮುಗಿಯಿತು. ಅವಳು ಶಿಕ್ಷಣ ಇಲಾಖೆಯ ಕಚೇರಿಗೆ ಅಲೆದಳು. ಮಕ್ಕಳೇ ಇಲ್ಲದ ಶಾಲೆಗೆ ರಿಪೇರಿ ಏಕೆ ಎಂದು ಅಲ್ಲಿಯವರು ಕೇಳಿದರು. ಶಾಲೆಯಲ್ಲಿ ಅವಳ ಜೊತೆಗಿದ್ದ ಇನ್ನೊಬ್ಬ ಮಾಸ್ತರರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಸೋರದ ಒಂದೇ ಕೋಣೆಯಲ್ಲಿ ಎಲ್ಲ ತರಗತಿಯ ಮಕ್ಕಳನ್ನೂ ಕೂರಿಸಿಕೊಂಡು ಅವಳೊಬ್ಬಳೇ ಪಾಠ ಮಾಡಿದಳು.

ಮನೆಯಲ್ಲಿ ಗಂಡ ದಿನವೂ ಮಗಳ ಮಾತು ತೆಗೆಯುತ್ತಿದ್ದ. ನಿನ್ನ ಹಟಕ್ಕೆ ಅವಳ ಬಾಳು ಹಾಳು ಮಾಡಬೇಡ ಎನ್ನುತ್ತಿದ್ದ. ಅವಳು ಬಹಳ ದಿನ ತಡೆದಳು. ಕೊನೆಗೆ ಒಂದು ಜೂನ್ ತಿಂಗಳಲ್ಲಿ ಚಂದನಾಳಿಗೆ ಟೈ ಕಟ್ಟಿ ಬಸ್ಸಿಗೆ ಹತ್ತಿಸಿದಳು. ಬಸ್ಸು ಹೋದ ಮೇಲೆ ತಾನು ನಡೆದು ಶಾಲೆಗೆ ಹೋದಳು.

ಅಂದು ಸಂಜೆ ದುರ್ಗವ್ವ ಶಾಲೆಯ ಬಾಗಿಲಿಗೆ ಬಂದು ನಿಂತಳು. ಅವಳು ಜಗಳಕ್ಕೆ ಬಂದಿರಲಿಲ್ಲ. ಮನೆಯಲ್ಲಿ ಹಾಲುಗೂಸಿತ್ತು. ಅದನ್ನು ನೋಡಿಕೊಳ್ಳಲು ಹುಲಿಗೆಮ್ಮನನ್ನು ಶಾಲೆ ಬಿಡಿಸು ಎಂದು ಮನೆಯವರು ಹೇಳುತ್ತಿದ್ದರು. ಏನು ಮಾಡುವುದೆಂದು ನಿಜವಾಗಿಯೂ ತಿಳಿಯದೆ ಬಂದಿದ್ದಳು.

"ಅಕ್ಕೋರೆ, ನಿಮ್ಮ ಮಗಳಿಗೆ ಬ್ಯಾಡಾದ ಸಾಲಿ ನನ್ನ ಮಗಳಿಗೆ ಹೆಂಗ ಚಲೋ ಆಗತೈತ್ರಿ?" ಎಂದು ಕೇಳಿದಳು.

ಅಂಬುಜಾಕ್ಷಿ, ನಾನಿದ್ದೇನಲ್ಲ, ಕಳಿಸು ಎಂದಳು. ಆ ಮಾತು ಅವಳ ಕಿವಿಗೇ ಪೊಳ್ಳಾಗಿ ಕೇಳಿಸಿತು. ದುರ್ಗವ್ವ ತಲೆಯಾಡಿಸಿ ಹೋದಳು. ಮರುದಿನದಿಂದ ಹುಲಿಗೆಮ್ಮ ಬರಲಿಲ್ಲ. ಅದನ್ನು ನೋಡಿ ಇನ್ನೂ ಕೆಲವರು ಬಿಟ್ಟರು. ವರ್ಷದ ಕೊನೆಗೆ ಕಚೇರಿಯವರು ಬಂದು ಶಾಲೆಗೆ ಬೀಗ ಹಾಕಿದರು. ಉಳಿದ ಮಕ್ಕಳು ಹಳ್ಳದಾಚೆಯ ಊರಿನ ಶಾಲೆಗೆ ಹೋಗಬೇಕೆಂದು ಆದೇಶವಾಯಿತು. ಅಂಬುಜಾಕ್ಷಿಯನ್ನೂ ಅಲ್ಲಿಗೇ ಹಾಕಿದರು.

ಇತ್ತ ಚಂದನಾ ಇಂಗ್ಲಿಷ್ ಪಾಠಗಳನ್ನು ಪಟಪಟನೆ ಒಪ್ಪಿಸುತ್ತಿದ್ದಳು. ತಂದೆ ಹಿಗ್ಗುತ್ತಿದ್ದ. ಒಂದೆರಡು ವರ್ಷ ಹೀಗೇ ನಡೆಯಿತು. ಒಂದು ದಿನ ತಾಯಿ, ಈಗ ಹೇಳಿದೆಯಲ್ಲ, ಅದರ ಅರ್ಥವೇನು ಎಂದು ಕೇಳಿದಳು. ಅರ್ಥ ಬೇಕಿಲ್ಲ, ಬಾಯಿಪಾಠ ಮಾಡಿದರೆ ಸಾಕು ಎಂದು ಮಿಸ್ ಹೇಳಿದ್ದಾರೆ ಎಂದಳು ಮಗಳು. ಅಂಬುಜಾಕ್ಷಿ ಆ ಮಿಸ್ಸನ್ನು ಕಾಣಲು ಪೇಟೆಗೆ ಹೋದಳು. ಆಕೆ ಆಗಷ್ಟೇ ಕಾಲೇಜು ಮುಗಿಸಿದ್ದ ಹುಡುಗಿ. ಪಾಠ ಹೇಳುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ತುಂಬಿದ ಕೋಣೆಯಲ್ಲಿ ಇಡೀ ದಿನ ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ಬೈಯಲು ಹೋದ ಅಂಬುಜಾಕ್ಷಿ ಬೈಯದೆ ಮರಳಿದಳು.

ಆ ಬೇಸಿಗೆಯಲ್ಲಿ ಅವಳು ಮಗಳನ್ನು ಅಲ್ಲಿಂದ ಬಿಡಿಸಿದಳು. ಗಂಡ ಮಾತು ಬಿಟ್ಟ. ಆದರೂ ಅವಳು ಮನಸ್ಸು ಬದಲಿಸಲಿಲ್ಲ. ಶಾಲೆ ಶುರುವಾಗುವ ದಿನ ಚಂದನಾಳನ್ನು ಕರೆದುಕೊಂಡು ಮೊದಲು ದುರ್ಗವ್ವನ ಮನೆಗೆ ಹೋದಳು. ಹಳ್ಳದಾಚೆಯ ಶಾಲೆಗೆ ಇಬ್ಬರನ್ನೂ ತಾನೇ ಕರೆದೊಯ್ದು ತಾನೇ ಕರೆತರುವೆನೆಂದಳು. ದುರ್ಗವ್ವನಿಗೆ ಸಂತೋಷವಾಯಿತು. ಹೇಗಾದರೂ ನಿಭಾಯಿಸುತ್ತೇನೆ ಎಂದು ಮಗಳನ್ನು ಕೂಗಿದಳು.

ಹುಲಿಗೆಮ್ಮ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಹೊರಗೆ ಬಂದಳು. ಚಂದನಾ ಪುಸ್ತಕ ತೆರೆದು ಅವಳ ಮುಂದೆ ಹಿಡಿದಳು. ಹುಲಿಗೆಮ್ಮ ಬಹಳ ಹೊತ್ತು ಆ ಪುಟ ನೋಡಿದಳು. ತುಟಿ ಅಲುಗಿತು, ದನಿ ಬರಲಿಲ್ಲ.

"ನನಗ ಮರ್ತು ಹೋಗೈತ್ರಿ, ಅಕ್ಕೋರೆ," ಎಂದಳು.

ತಾಯಿ ಕರೆದಳು, ಅಕ್ಕೋರು ಕರೆದರು. ಅವಳು ತಮ್ಮನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬಸಲಿಂಗ ತಲೆ ತಗ್ಗಿಸಿ ಕುಳಿತಿದ್ದ. ಇಷ್ಟಕ್ಕೆಲ್ಲ ತಪ್ಪು ಯಾರದು, ಗೌಡರದೋ, ಕಚೇರಿಯದೋ, ಪೇಟೆಯ ಶಾಲೆಯದೋ, ಅಕ್ಕೋರದೋ ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಗುರುಗಳು ಹೇಳಿದರು: "ತಪ್ಪು ಯಾರದೆಂದು ಹೇಳಲಿ, ಬಸಲಿಂಗ? ಆ ಊರಿನಲ್ಲಿ ಎಲ್ಲರೂ ತಮ್ಮ ತಮ್ಮ ಮಗುವಿಗೆ ಒಳ್ಳೆಯದನ್ನೇ ಮಾಡಿದ್ದರು."