ಏಳು ತಿರುವು ಹತ್ತಬೇಕಿದ್ದ ಗಾಡಿ

"ಗುರುಗಳೇ, ಮನಸ್ಸು ಪೂರ್ತಿ ಹದವಾದ ಮೇಲೆ ಹೋಗುವುದು ಸರಿಯೋ, ಅರೆಬೆಂದ ಮನಸ್ಸಿನಲ್ಲೇ ಹೋಗುವುದು ಸರಿಯೋ?" ಎಂದು ಮರುಳಸಿದ್ದ ಕೇಳಿದ.

ಅವನು ಹೋಗಬೇಕಾಗಿದ್ದುದು ಅಕ್ಕನ ಮನೆಗೆ. ಮೂರು ವರ್ಷದ ಹಿಂದೆ ಅಕ್ಕನಿಗೆ ಆಡಬಾರದ ಮಾತಾಡಿ ಬಂದು ಮಠ ಸೇರಿದವನು ಅವನು. ತಪ್ಪು ತನ್ನದೇ ಎಂದು ಮೊದಲ ವರ್ಷವೇ ಗೊತ್ತಾಗಿತ್ತು. ಅಕ್ಕ ಎರಡು ಸಲ ಬಾ ಎಂದು ಹೇಳಿ ಕಳಿಸಿದ್ದಳು. ಆದರೂ ಅವನು ಹೊರಡಲಿಲ್ಲ. ಎದುರಿಗೆ ನಿಂತಾಗ ಮತ್ತೆ ಕೋಪ ಬಂದರೆ ಏನು ಗತಿ? ಇನ್ನಷ್ಟು ಧ್ಯಾನ ಮಾಡೋಣ, ಮನಸ್ಸು ಗಟ್ಟಿಯಾಗಲಿ, ಆಮೇಲೆ ಹೋಗಿ ಕಾಲಿಗೆ ಬಿದ್ದರಾಯಿತು ಎಂದುಕೊಂಡಿದ್ದ.

ಗುರುಗಳು ಬಾವಿಯ ಹಗ್ಗದ ಸಿಕ್ಕು ಬಿಡಿಸುತ್ತಿದ್ದರು. "ಮೂರು ವರ್ಷದಿಂದ ಬೇಯಿಸುತ್ತಿದ್ದೀಯಲ್ಲೋ. ಕಲ್ಲನ್ನು ಬೇಯಿಸಿದ್ದರೂ ಇಷ್ಟು ಹೊತ್ತಿಗೆ ಮೆತ್ತಗಾಗುತ್ತಿತ್ತು," ಎಂದು ನಕ್ಕರು. ಆಮೇಲೆ ಹಗ್ಗವನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಒಂದು ಕಲ್ಲುಗಣಿಯ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹೆಸರು ಪಾತರಾಜು. ಗಣಿಯ ಲಾರಿಗಳೆಲ್ಲ ಅವನ ಗ್ಯಾರೇಜಿಗೇ ಬರುತ್ತಿದ್ದವು. ಅವನ ಅಣ್ಣ ಜುಂಜಣ್ಣ ಅದೇ ಗಣಿಯಲ್ಲಿ ಇಪ್ಪತ್ತಾರು ವರ್ಷ ಲಾರಿ ಓಡಿಸಿದವನು. ಗಣಿಯ ತಳದಿಂದ ಮೇಲೆ ಬರಲು ಏಳು ತಿರುವಿನ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಆ ದಾರಿಯಲ್ಲಿ ಕಲ್ಲು ತುಂಬಿದ ಲಾರಿಯನ್ನು ಜುಂಜಣ್ಣ ಮನೆಯ ಎತ್ತು ಹೊಡೆದುಕೊಂಡು ಬಂದಷ್ಟು ಸಲೀಸಾಗಿ ತರುತ್ತಿದ್ದ.

ಅಪ್ಪನಿಲ್ಲದ ಮನೆಯಲ್ಲಿ ತಮ್ಮನನ್ನು ಸಾಕಿದವನೂ ಅವನೇ, ಕೈಗೆ ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸಿದವನೂ ಅವನೇ. ಗ್ಯಾರೇಜಿಗೆ ಒಂದು ಕಟ್ಟಳೆ ಹಾಕಿಕೊಟ್ಟವನೂ ಅವನೇ. ರಿಪೇರಿಯಾದ ಗಾಡಿಯನ್ನು ಮೆಕ್ಯಾನಿಕ್ ಮೊದಲು ತಾನೇ ಲೋಡು ಹಾಕಿ ಏಳು ತಿರುವು ಹತ್ತಿಸಿ ಇಳಿಸಬೇಕು. ಎಲ್ಲೂ ಏನೂ ಕೆಡದಿದ್ದರೆ ಮಾತ್ರ ಕೀಲಿಯನ್ನು ಡ್ರೈವರನ ಕೈಗೆ ಕೊಡಬೇಕು. ಒಮ್ಮೆ ಅವಸರದಲ್ಲಿ ಕೀಲಿ ಕೊಟ್ಟ ಗಾಡಿಯೊಂದರ ಬ್ರೇಕು ಐದನೆಯ ತಿರುವಿನಲ್ಲಿ ಹಿಡಿಯದೆ ಹೋಗಿ ಒಂದು ಜೀವ ಹೋಗಿತ್ತು. ಅಂದಿನಿಂದ ಆ ಕಟ್ಟಳೆಯನ್ನು ಯಾರೂ ಮೀರಿರಲಿಲ್ಲ.

ಐವತ್ತು ದಾಟಿದ ಮೇಲೆ ಜುಂಜಣ್ಣನ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದು ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಎಂದರು ಡಾಕ್ಟರು. ಗಣಿಯವರು ಕೀಲಿ ಇಸಿದುಕೊಂಡರು. ಅಂದಿನಿಂದ ಅವನು ತಮ್ಮನ ಗ್ಯಾರೇಜಿನ ಮುಂದೆ ಬೆಂಚಿನ ಮೇಲೆ ಕೂತು, ಹೋಗಿಬರುವ ಲಾರಿಗಳ ಸದ್ದು ಕೇಳಿಕೊಂಡು ಕಾಲ ಕಳೆಯುತ್ತಿದ್ದ. ಊಟ ಮಾಡಿದೆಯಾ ಎಂದರೆ ಹೂಂ ಎನ್ನುವನು, ಇಲ್ಲವೆಂದರೆ ಅದೂ ಇಲ್ಲ. ಅದೇ ಸಮಯಕ್ಕೆ ಗಣಿಯ ಆ ಭಾಗದಲ್ಲಿ ಕೆಲಸ ನಿಂತು ಏಳು ತಿರುವಿನ ದಾರಿಯೂ ಖಾಲಿ ಬಿದ್ದಿತು.

ಒಂದು ದಿನ ಗಣಿಯ ಎಂಜಿನಿಯರ್ ಒಬ್ಬ ಊರು ಬಿಟ್ಟು ಹೋಗುವಾಗ ತನ್ನಲ್ಲಿದ್ದ ಆಟದ ಲಾರಿಯನ್ನು ಪಾತರಾಜುವಿಗೆ ಕೊಟ್ಟುಹೋದ. ಆಟದ್ದೆಂದರೆ ಮಕ್ಕಳಾಟದ್ದಲ್ಲ. ಎರಡೂವರೆ ಅಡಿ ಉದ್ದ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ, ಊಟದ ತಟ್ಟೆಯಷ್ಟಗಲದ ನಾಲ್ಕು ಚಕ್ರ. ಬ್ಯಾಟರಿಯ ಮೋಟಾರಿನಿಂದ ಕಲ್ಲು ಮಣ್ಣು ಎನ್ನದೆ ನುಗ್ಗುವಂಥದ್ದು. ಓಡಿಸುವವನು ದೂರದಲ್ಲಿ ನಿಂತು ಕೈಯಲ್ಲಿ ರಿಮೋಟು ಹಿಡಿದಿರಬೇಕು. ಬಂದೂಕಿನಲ್ಲಿರುವಂಥ ಕುದುರೆಯನ್ನು ಬೆರಳಲ್ಲಿ ಒತ್ತಿದರೆ ಗಾಡಿ ಓಡುತ್ತದೆ, ರಿಮೋಟಿನ ಪಕ್ಕದ ಚಿಕ್ಕ ಚಕ್ರ ತಿರುಗಿಸಿದರೆ ಗಾಡಿ ತಿರುಗುತ್ತದೆ. ಜೊತೆಗೆ ಒಂದು ಡಬ್ಬಿ ಇತ್ತು. ಅದರೊಳಗೆ ಆರು ಪ್ಲಾಸ್ಟಿಕ್ ಗೇರುಗಳು.

ಜುಂಜಣ್ಣ ಬೆಂಚಿನಿಂದ ಎದ್ದು ಬಂದ. ಗಾಡಿಯನ್ನು ಕಣ್ಣ ಹತ್ತಿರಕ್ಕೆ ಎತ್ತಿಕೊಂಡು, ಓರೆ ಮಾಡಿ, ಮೇಲೆ ಕೆಳಗೆ ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಕಳೆ ಬಂತು.

"ತಮ್ಮ, ಒಂದ್ಸಲ ನನ್ ಕೈಗೆ ಕೊಡೋ. ಏಳು ತಿರುವು ಹತ್ತಿಸ್ ಬಿಡ್ತೀನಿ. ಇನ್ನೂ ಕಾಣ್ತೈತೆ ನಂಗೆ," ಎಂದ.

"ಕೊಡ್ತೀನಣ್ಣ. ಒಂದ್ ಟ್ರಯಲ್ ನೋಡ್ಬಿಡ್ತೀನಿ ತಡಿ," ಎಂದ ಪಾತರಾಜು. ಕಟ್ಟಳೆ ಕಟ್ಟಳೆಯೇ ಅಲ್ಲವೇ.

ಅವನು ಚೀಲದಲ್ಲಿ ಜಲ್ಲಿ ತುಂಬಿ ಗಾಡಿಯ ಬೆನ್ನಿಗೆ ಕಟ್ಟಿದ. ಎರಡನೆಯ ತಿರುವಿನಲ್ಲಿ ಚಕ್ರ ಕಲ್ಲಿಗೆ ಸಿಕ್ಕಿತು, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯಿತು. ಪಾತರಾಜು ಗಾಡಿ ಎತ್ತಿಕೊಂಡು ಯೋಚಿಸಿದ. ಇದು ಅಣ್ಣನ ಕೈಯಲ್ಲಿ ಮುರಿದಿದ್ದರೆ? ಗಾಡಿಯ ತಪ್ಪು ಎಂದು ಯಾರು ಹೇಳುತ್ತಾರೆ? ಕುರುಡನ ಕೈಗೆ ಕೊಟ್ಟರೆ ಇನ್ನೇನಾಗುತ್ತದೆ ಎನ್ನುತ್ತಾರೆ. ಅಣ್ಣನೂ ಒಳಗೊಳಗೇ ಹಾಗೆಯೇ ಅಂದುಕೊಳ್ಳುತ್ತಾನೆ. ಹಾಗಾಗಬಾರದು. ಅಣ್ಣನ ಕೈಗೆ ಕೊಡುವ ಗಾಡಿ ಮುರಿಯಲೇಬಾರದು.

ಒಳ್ಳೆಯ ಮನಸ್ಸಿನಿಂದಲೇ ಅವನು ಹಾಗೆ ನಿಶ್ಚಯಿಸಿದ. ಕೆಟ್ಟ ಮನಸ್ಸಿನವರು ಇಷ್ಟು ಶ್ರಮ ಪಡುವುದಿಲ್ಲ.

ಡಬ್ಬಿಯ ಗೇರುಗಳನ್ನು ಮುಟ್ಟದೆ, ಲೇತಿನವನ ಹತ್ತಿರ ಹೋಗಿ ಉಕ್ಕಿನ ಗೇರು ಕಡೆಸಿಕೊಂಡು ಬಂದ. ಈ ಸಲ ಗೇರು ಜಗ್ಗಲಿಲ್ಲ, ಅದರ ಮುಂದಿನ ಶಾಫ್ಟು ತಿರುಚಿಕೊಂಡಿತು. ಶಾಫ್ಟನ್ನೂ ಉಕ್ಕಿನದು ಮಾಡಿಸಿದ. ಗಾಡಿಯ ತೂಕ ಏರಿತು, ಸ್ಪ್ರಿಂಗುಗಳು ಕುಸಿದು ಹೊಟ್ಟೆ ನೆಲಕ್ಕೆ ತಾಗಿತು. ಎಣ್ಣೆ ತುಂಬಿದ ದಪ್ಪ ಶಾಕ್ ಅಬ್ಸಾರ್ಬರ್ ತರಿಸಲು ಎರಡು ತಿಂಗಳು ಹಿಡಿಯಿತು. ಅಷ್ಟು ಭಾರಕ್ಕೆ ಹಳೆಯ ಮೋಟಾರು ಏದುಸಿರು ಬಿಟ್ಟಿತೆಂದು ಅದಕ್ಕಿಂತ ದೊಡ್ಡದನ್ನು ಕೂರಿಸಿದ. ದೊಡ್ಡ ಮೋಟಾರಿಗೆ ದೊಡ್ಡ ಬ್ಯಾಟರಿ ಬೇಕಾಯಿತು. ಅದರ ಬಲಕ್ಕೆ ಉಕ್ಕಿನ ಗೇರೇ ಸವೆಯತೊಡಗಿತು. ಇಲಿ ಕಾಟಕ್ಕೆ ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿದ ಹಾಗಾಯಿತು ಅವನ ಬಾಳು.

ಈ ನಡುವೆ ಜುಂಜಣ್ಣ ಇನ್ನೊಮ್ಮೆ ಕೇಳಿದ. ಬಿಚ್ಚಿಟ್ಟ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುರಿದ ಹಳೆಯ ಗೇರನ್ನು ಬೆರಳಲ್ಲಿ ತಡವುತ್ತಾ ಹೇಳಿದ: "ಈ ಹಲ್ಲು ಮುರೀಲಿ ಅಂತಾನೇ ಇಟ್ಟಿರೋದು ಕಣೋ. ಪೆಟ್ಟು ಬಿದ್ರೆ ಇದು ಮುರೀತದೆ, ಮಿಕ್ಕಿದ್ದು ಉಳ್ಕಂತದೆ. ಹಾಕಕ್ಕೆ ಹತ್ತು ನಿಮಿಷ. ಅದ್ಕೇ ಅಲ್ವಾ ಆರು ಕೊಟ್ಟಿರೋದು? ಡಬ್ಬೀಲಿರೋದ್ನೇ ಹಾಕ್ಕೊಡು, ಮುರಿದ್ರೆ ಮುರೀಲಿ."

"ಏಳು ತಿರುವು ಹತ್ತದೇ ಇರೋ ಗಾಡೀನ ಡ್ರೈವರ್ ಕೈಗೆ ಕೊಡಬ್ಯಾಡ ಅಂದೋನು ನೀನೇ ಅಲ್ವಾ?" ಎಂದ ಪಾತರಾಜು, ನಗುತ್ತಾ.

ತಾನೇ ಹಾಕಿದ ಕಟ್ಟಳೆ. ಜುಂಜಣ್ಣ ಗೇರನ್ನು ಡಬ್ಬಿಯ ಪಕ್ಕ ಇಟ್ಟು ಎದ್ದು ಹೋದ. ಅದು ಮನುಷ್ಯರ ಜೀವ ಕಾಯಲು ಹುಟ್ಟಿದ ಕಟ್ಟಳೆ, ಈ ಗಾಡಿಯೊಳಗೆ ಕೂರುವವರು ಯಾರೂ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಒಮ್ಮೆ ಬೇರೂರಿದ ಕಟ್ಟಳೆಯನ್ನು ಯಾಕೆ ಎಂದು ಯಾರು ಕೇಳುತ್ತಾರೆ?

ಪ್ರತಿ ಭಾನುವಾರ ಅಣ್ಣ ತಮ್ಮ ಇಬ್ಬರೂ ಗಣಿಗೆ ಹೋಗುತ್ತಿದ್ದರು. ಏಳು ತಿರುವೂ ಕಾಣುವ ಎದುರಿನ ಬಂಡೆಯ ಮೇಲೆ ನಿಲ್ಲುತ್ತಿದ್ದರು. ರಿಮೋಟು ಪಾತರಾಜುವಿನ ಕೈಯಲ್ಲಿ. ಮೊದಮೊದಲು ಜುಂಜಣ್ಣ ಪಕ್ಕದಲ್ಲಿ ನಿಂತು ದಾರಿ ಹೇಳುತ್ತಿದ್ದ. ಮೂರನೆಯದರಲ್ಲಿ ಬಲಕ್ಕೆ ಹಿಡಿ, ಅಲ್ಲಿ ನೀರು ಕೊರೆದಿದೆ ಎನ್ನುತ್ತಿದ್ದ. ಕೆಲವು ತಿಂಗಳು ಕಳೆದ ಮೇಲೆ ಹಾಗೆ ಹೇಳುವುದನ್ನು ಬಿಟ್ಟ. ಈಗ ಎಷ್ಟನೆಯ ತಿರುವು ಎಂದು ಕೇಳತೊಡಗಿದ. ನಾಲ್ಕು ಎಂದೋ ಐದು ಎಂದೋ ಪಾತರಾಜು ಉತ್ತರ ಕೊಡುತ್ತಿದ್ದ. ಅಣ್ಣ ಯಾಕೆ ಕೇಳುತ್ತಿದ್ದಾನೆ ಎಂದು ಅವನು ಒಂದು ದಿನವೂ ಯೋಚಿಸಲಿಲ್ಲ. ಅವನ ಕಿವಿಯೂ ಕಣ್ಣೂ ಗಾಡಿಯ ಮೇಲೆ ಇದ್ದವು. ಮುಂದಿನ ಸಲ ಯಾವ ಭಾಗ ಮುರಿಯುತ್ತದೆ, ಅದನ್ನು ಹೇಗೆ ಗಟ್ಟಿ ಮಾಡುವುದು ಎಂಬ ಯೋಚನೆಯಲ್ಲಿ ಅವನಿಗೆ ಹಸಿವೂ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ಅವನಿಗೆ ರುಚಿ ಹತ್ತಿತ್ತು. ಅಣ್ಣನಿಗಾಗಿ ಎಂದು ಶುರುವಾದದ್ದು ಯಾವ ಭಾನುವಾರ ತನಗಾಗಿ ಆಯಿತೋ ಅವನಿಗೇ ತಿಳಿಯಲಿಲ್ಲ.

ಎರಡನೆಯ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಗಾಡಿ ಜಲ್ಲಿ ಹೊತ್ತು ಏಳು ತಿರುವೂ ಹತ್ತಿತು, ಏಳೂ ಇಳಿಯಿತು. ಬಿಚ್ಚಿ ನೋಡಿದರೆ ಒಂದು ಗೀರೂ ಇಲ್ಲ. ಪಾತರಾಜು ಕುಣಿದಾಡಿದ. ಗಾಡಿಯನ್ನು ತೊಳೆದು ಒರೆಸಿ ದಾರಿಯ ತಳಕ್ಕೆ ತಂದಿಟ್ಟ. ಅಣ್ಣನ ಕೈಹಿಡಿದು ಕೆಳಕ್ಕೆ ಕರೆದುಕೊಂಡು ಬಂದ. ಇಪ್ಪತ್ತಾರು ವರ್ಷ ಆ ದಾರಿಯಲ್ಲಿ ಓಡಾಡಿದವನು ಪ್ರತಿ ಹೆಜ್ಜೆಯನ್ನೂ ಕಾಲಿನಿಂದ ತಡವಿ ಇಡುತ್ತಿದ್ದ. ಅದು ಪಾತರಾಜುವಿನ ಕಣ್ಣಿಗೆ ಬಿದ್ದದ್ದು ಆಗಲೇ.

ಅವನು ರಿಮೋಟನ್ನು ಅಣ್ಣನ ಕೈಯಲ್ಲಿಟ್ಟ. ಜುಂಜಣ್ಣ ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಮುಖ ಮೇಲೆತ್ತಿದ.

"ಎಲ್ಲೈತೋ ತಮ್ಮ ಗಾಡಿ?" ಎಂದ.

ಗಾಡಿ ಅವನ ಕಾಲಿನಿಂದ ಹತ್ತಡಿ ದೂರದಲ್ಲಿ, ಹಾಡಹಗಲ ಬಿಸಿಲಿನಲ್ಲಿ ನಿಂತಿತ್ತು.

ಪಾತರಾಜು ಅಣ್ಣನ ಭುಜ ಹಿಡಿದು ಗಾಡಿಯ ಕಡೆಗೆ ತಿರುಗಿಸಿದ. "ಎದುರಿಗೇ ಐತಣ್ಣ. ನೀನ್ ಒತ್ತು, ದಾರಿ ನಾನ್ ಹೇಳ್ತೀನಿ," ಎಂದ. ಜುಂಜಣ್ಣ ಬೆರಳು ಒತ್ತಿದ. ಗಾಡಿ ಗುಡುಗಿ ಹೊರಟಿತು. ಎಡಕ್ಕೆ, ಬಲಕ್ಕೆ, ನಿಧಾನ ಎಂದು ತಮ್ಮ ಕೂಗುತ್ತಾ ಹೋದ, ಅಣ್ಣ ತಿರುಗಿಸುತ್ತಾ ಹೋದ. ಮೊದಲನೆಯ ತಿರುವು ಹೇಗೋ ದಾಟಿತು. ಎರಡನೆಯದರಲ್ಲಿ ತಮ್ಮನ ಮಾತು ಬರುವ ಮೊದಲೇ ಗಾಡಿ ಬಂಡೆಗೆ ಹೋಗಿ ಬಡಿಯಿತು. ಸದ್ದು ಗಣಿಯೆಲ್ಲ ಮೊಳಗಿತು.

"ಮುರೀತಾ?" ಎಂದು ಕೇಳಿದ ಜುಂಜಣ್ಣ.

"ಇಲ್ಲಣ್ಣ. ಏನೂ ಆಗಿಲ್ಲ."

ಜುಂಜಣ್ಣ ನಕ್ಕ. ತಮ್ಮನ ಭುಜವನ್ನು ಹುಡುಕಿ ತಟ್ಟಿದ. "ಚೆನ್ನಾಗಿ ಕಟ್ಟಿದ್ದೀಯ ಬಿಡು," ಎಂದು ರಿಮೋಟನ್ನು ವಾಪಸು ಕೊಟ್ಟ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಪಾತರಾಜು ಹೇಗೋ ಸಹಿಸಿಕೊಳ್ಳುತ್ತಿದ್ದ. ಮತ್ತೆಂದೂ ಜುಂಜಣ್ಣ ರಿಮೋಟು ಕೇಳಲಿಲ್ಲ, ಭಾನುವಾರ ಗಣಿಗೂ ಬರಲಿಲ್ಲ.

ಗ್ಯಾರೇಜಿಗೆ ಬಂದು ಪಾತರಾಜು ಆ ಡಬ್ಬಿ ತೆಗೆದು ನೋಡಿದ. ಆರು ಗೇರುಗಳೂ ಕೊಟ್ಟ ದಿನ ಇದ್ದ ಹಾಗೆಯೇ ಇದ್ದವು. ಹತ್ತು ಹತ್ತು ನಿಮಿಷದ ಕೆಲಸ. ಐದು ಸಲ ಮುರಿದಿದ್ದರೂ ಅಣ್ಣ ಆರನೆಯ ಸಲ ಹತ್ತಿಸಿಯೇ ಬಿಡುತ್ತಿದ್ದ. ಹತ್ತಿಸದಿದ್ದರೂ ಏನಾಗುತ್ತಿತ್ತು? ಮುರಿದ ಗಾಡಿಯ ಮುಂದೆ ಇಬ್ಬರೂ ಕೂತು ನಗುತ್ತಿದ್ದರು, ಅಣ್ಣನ ಕಣ್ಣಿನಲ್ಲಿ ಇನ್ನೂ ಬೆಳಕಿದ್ದಾಗ. ಜೀವನದಲ್ಲಿ ಎಷ್ಟೋ ಗಾಡಿ ಸರಿಮಾಡಿದ ಕೈಗಳನ್ನು ಮುಖಕ್ಕೆ ಮುಚ್ಚಿಕೊಂಡು ಅವನು ಬಿಕ್ಕಿ ಬಿಕ್ಕಿ ಅತ್ತ. ಬೆಂಚಿನ ಮೇಲಿದ್ದ ಅಣ್ಣನಿಗೆ ಆ ಸದ್ದು ಕೇಳಿಸಿತು. ಅವನು ಕೇಳಿಸದವನಂತೆ ರಸ್ತೆಯ ಕಡೆ ಮುಖ ಮಾಡಿ ಕೂತ.

ಗುರುಗಳು ಇಷ್ಟು ಹೇಳಿ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡರು. ಮರುಳಸಿದ್ದ ಏನಾದರೂ ಕೇಳಬೇಕೆಂದು ಕೇಳಿದ.

"ಆ ಗಾಡಿ ಈಗ ಹೇಗಿದೆ, ಗುರುಗಳೇ?"

"ಅದಕ್ಕೇನಪ್ಪ, ಬಲು ಗಟ್ಟಿಯಾಗಿದೆ, ಇನ್ನು ನೂರು ವರ್ಷ ಅದರ ಒಂದು ಹಲ್ಲೂ ಮುರಿಯುವುದಿಲ್ಲ," ಎಂದರು ಗುರುಗಳು.

ಮರುಳಸಿದ್ದ ಎದ್ದು ಅಕ್ಕನ ಮನೆಯ ದಾರಿ ಹಿಡಿದ.