ಮಣ್ಣೆತ್ತಿನ ಬೆನ್ನುನೋವು

ಇದನ್ನು ನನಗೆ ಮೊದಲು ಹೇಳಿದವರು ನರ್ಸ್ ಶಾಂತವೀರಮ್ಮ, ನನ್ನ ಕೈಗೆ ಸೂಜಿ ಚುಚ್ಚುವ ಮುಂಚೆ. ಕಥೆ ಮುಗಿದಾಗ "ಚುಚ್ಚಿ ಬಹಳ ಹೊತ್ತಾಯಿತು" ಎಂದರು.

ಹೊಳೆದಂಡೆಯಲ್ಲಿ ರಾಚವ್ವತಾಯಿಯವರ ಆಶ್ರಮ. ದೊಡ್ಡಾಸ್ಪತ್ರೆಗಳು ಕೈಚೆಲ್ಲಿದ ಮಕ್ಕಳನ್ನು ಹೊತ್ತುಕೊಂಡು ಬಡವರು ಅಲ್ಲಿಗೆ ಬರುತ್ತಿದ್ದರು. ಅಲ್ಲಿದ್ದದ್ದು ಮಲಗಲು ಕೆಲವು ಹೊರಸು, ಒಂದು ಒಲೆ, ಅಡಿವೆಪ್ಪ ಎಂಬ ಶಿಷ್ಯ.

ಅಡಿವೆಪ್ಪನಿಗೆ ಗುರುವಿನ ಮೇಲೆ ಬಹಳ ಭಕ್ತಿ. ಬಾಟಲಿಯ ಮೇಲೆ ಇನ್ನೂ ತುಸು ಹೆಚ್ಚು. ಪಟ್ಟಣದ ಡಾಕ್ಟರು ಕೊಟ್ಟ ನೋವಿನ ಔಷಧಿ ಇದ್ದದ್ದು ಅದೊಂದೇ ಬಾಟಲಿ. ಅದನ್ನು ಪೆಟ್ಟಿಗೆಯಲ್ಲಿಟ್ಟು, ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡಿದ್ದ.

ಒಂದು ದಿನ ಗೌರವ್ವ ತನ್ನ ಮಗ ಫಕೀರನನ್ನು ಹೊತ್ತು ತಂದಳು. ಏಳು ವರ್ಷದ ಹುಡುಗ, ಬೆನ್ನೆಲುಬಿಗೆ ಗಡ್ಡೆ. ಕೈಯಲ್ಲಿ ಅಪ್ಪ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿಕೊಟ್ಟ ಮಣ್ಣಿನ ಎತ್ತು. ಅದರ ಹೆಸರು ಕೆಂಚ.

"ಇನ್ನ ಮಾಡೂದೇನೂ ಉಳಿದಿಲ್ಲ ಅಂದ್ರು ಡಾಕ್ಟ್ರು," ಎಂದಳು ಗೌರವ್ವ.

"ಖರೇನ ಐತ್ರಿ, ಮಾಡೂದೇನೂ ಉಳಿದಿಲ್ಲ," ಎಂದು ಅಡಿವೆಪ್ಪ ಗುರುವಿನ ಕಿವಿಯಲ್ಲಿ ಹೇಳಿದ.

ಗುರು ಹೊರಸು ತೋರಿಸಿದರು.

ಅಡಿವೆಪ್ಪ ದಿನಾ ಬೆಳಿಗ್ಗೆ ಕೇಳುತ್ತಿದ್ದ, "ನೋವೈತೇನೋ ಫಕೀರಾ?"

ಹುಡುಗ ಅವ್ವನ ಮುಖ ನೋಡುತ್ತಿದ್ದ. "ಇಲ್ರಿ."

ಅವ್ವ ನಗುತ್ತಿದ್ದಳು. ಪೆಟ್ಟಿಗೆಯ ಕೀಲಿ ತೆರೆಯುತ್ತಿರಲಿಲ್ಲ.

"ಭಾಳ ಗಟ್ಟಿ ಹುಡುಗ್ರಿ ಅವ್ವಾರೇ," ಎಂದ ಅಡಿವೆಪ್ಪ ರಾಚವ್ವತಾಯಿಗೆ.

"ಆಡ್ತಾನೇನು?" ಎಂದು ಕೇಳಿದರು ಗುರು.

"ಇಲ್ರಿ."

"ಉಣ್ತಾನೇನು?"

"ಇಲ್ರಿ."

"ನೋವಿಲ್ಲಂತ, ಆಟಾನೂ ಇಲ್ಲ, ಊಟಾನೂ ಇಲ್ಲ. ಹೊಸಾ ರೋಗ ಕಂಡುಹಿಡದಿ ಬಿಡಪಾ."

ಗುರು ಗೌರವ್ವನನ್ನು ಹೊಳೆಗೆ ನೀರು ತರಲು ಕಳಿಸಿದರು. ಹುಡುಗನ ಕಡೆ ನೋಡದೆ ಎತ್ತನ್ನು ಕೈಗೆತ್ತಿಕೊಂಡರು.

"ಯಾಕಪಾ ಕೆಂಚ, ಮಾರಿ ಸಪ್ಪಗ ಐತಿ?"

ಎತ್ತಿನ ಪರವಾಗಿ ಫಕೀರ ಹೇಳಿದ, "ಅವಂಗ ಬೆನ್ನು ನೋಯ್ತೈತ್ರಿ."

"ಭಾಳ?"

"ಕುಂತ್ರೂ ನೋಯ್ತೈತಿ. ಮಕ್ಕೊಂಡ್ರೂ ನೋಯ್ತೈತಿ."

"ಮತ್ತ ಹೇಳೂದಲ್ಲೇನು?"

"ಹೇಳಿದ್ರ ಅವನವ್ವ ಅಳ್ತಾಳ್ರಿ."

ಅಡಿವೆಪ್ಪನ ಕೈ ತಾನಾಗಿ ಉಡದಾರಕ್ಕೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ಇರೂದು ಇದೊಂದ ಬಾಟ್ಲಿರಿ. ಕೊನೀಗೆ ಬೇಕಾಗ್ತೈತಿ."

"ಯಾರ ಕೊನಿ? ಹುಡುಗಂದೋ, ಬಾಟ್ಲೀದೋ?"

"ಮುಗದ್ರ ಏನ್ ಮಾಡೂದ್ರಿ?"

"ಪಟ್ಟಣಕ್ಕ ನಡಿ. ನಿನ್ನ ಕಾಲು ನೆಟ್ಟಗ ಅದಾವು."

ಕೀಲಿ ತೆರೆಯಿತು. ಗುರು ಮೊದಲು ಕೆಂಚನ ಮೂತಿಗೆ ಖಾಲಿ ಚಮಚ ಹಿಡಿದರು. ಆಮೇಲೆ ಡಾಕ್ಟರು ಹೇಳಿದಷ್ಟು ಅಳೆದು ಫಕೀರನಿಗೆ ಕುಡಿಸಿದರು.

ಗೌರವ್ವ ಕೊಡ ಹೊತ್ತು ಬಂದಳು.

"ಕೆಂಚಗ ಬೆನ್ನು ನೋಯ್ತೈತಂತ, ತಂಗಿ. ಇಷ್ಟು ದಿನ ನಿನಗಂಜಿ ಹೇಳಿಲ್ಲ."

ಗೌರವ್ವ ಎತ್ತನ್ನು ನೋಡಿದಳು, ಮಗನನ್ನು ನೋಡಿದಳು. ಕೊಡ ಇಳಿಸಿ ಜೋರಾಗಿ ಅತ್ತುಬಿಟ್ಟಳು.

ಫಕೀರ ಕಾದು ನೋಡಿದ. ಅವ್ವ ಅತ್ತಳು, ಏನೂ ಮುರಿದು ಬೀಳಲಿಲ್ಲ.

"ಸಾಕವ್ವಾ," ಎಂದ ಕೊನೆಗೆ. "ಬೆನ್ನು ಸವರು. ನಂದೂ."

ಅಂದು ಅವನು ಗಂಜಿ ಕುಡಿದ. ಮರುದಿನ ಅಡಿವೆಪ್ಪನಿಂದ ನೆಲದ ಮೇಲೆ ಒಲೆಯ ಬೂದಿ ಹರವಿಸಿಕೊಂಡು, ಅದನ್ನೇ ಹೊಲ ಮಾಡಿ ಕೆಂಚನನ್ನು ಹೂಡಿ ಉತ್ತ. ಸಾಲು ಸೊಟ್ಟಗಾಗಿದೆ ಎಂದು ಅಡಿವೆಪ್ಪನನ್ನು ಬೈದ.

ಬಾಟಲಿ ಮುಗಿಯುವ ಮೊದಲೇ ಅಡಿವೆಪ್ಪ ಪಟ್ಟಣಕ್ಕೆ ನಡೆದು ಇನ್ನೊಂದು ತಂದ. ಯಾರೂ ಹೇಳಿರಲಿಲ್ಲ.

ಹೊಲ ಇನ್ನೂ ಅರ್ಧ ಉಳಿದಿದ್ದಾಗ ಫಕೀರ ಅವ್ವನ ತೊಡೆಯ ಮೇಲೆ, ಬೆನ್ನು ಸವರಿಸಿಕೊಳ್ಳುತ್ತ ಹೋಗಿಬಿಟ್ಟ. ಹಣೆಯಲ್ಲಿ ಒಂದು ಗೆರೆಯೂ ಇರಲಿಲ್ಲ.

ಊರಿಗೆ ಹೊರಟಾಗ ಗೌರವ್ವ ಕೆಂಚನನ್ನು ಅಡಿವೆಪ್ಪನ ಕೈಯಲ್ಲಿಟ್ಟಳು. ಅವನು ಅದನ್ನು ನೀರಿಗೆ ಬಿಡಲು ಹೊಳೆಯವರೆಗೆ ಹೋದ, ಮನಸ್ಸಾಗದೆ ಗುರುವಿನ ಬಳಿ ಮರಳಿದ.

"ಮಣ್ಣೆತ್ತು, ನೀರಿಗೆ ಬಿಡಬೇಕಲ್ರಿ ಅವ್ವಾರೇ?"

ರಾಚವ್ವತಾಯಿ ಎತ್ತಿನ ಬೆನ್ನ ಮೇಲಿನ ಬೂದಿಯನ್ನು ಸೆರಗಿನಿಂದ ಒರೆಸಿದರು. ಮತ್ತೆ ಅವನ ಕೈಗೇ ಕೊಟ್ಟರು.

"ಮಾಡೂದೇನೂ ಉಳಿದಿಲ್ಲ ಅನ್ನಾವ ಇನ್ನೊಬ್ಬ ಶಿಷ್ಯ ಬರ್ತಾನ, ನೀ ಬಂದಂಗ. ಅವನ ಕೈಯಾಗ ಕೊಡು."